ಸಂಕ್ರಾಂತಿಯ ಕಿರಣ ಕಾಣದಿದ್ದರೆ ದೋಷವೇ?

ಪ್ರಶ್ನೆ: ನಾವು ಬೆಂಗಳೂರಿನ ಬನಶಂಕರಿಯಲ್ಲಿ ಇರುವವರು. ನಮ್ಮ ತಾಯಿಗೆ 84 ವರ್ಷ. ಮಕರ ಸಂಕ್ರಾಂತಿ ದಿನ ಗವಿಪುರದ ಗಂಗಾಧರೇಶ್ವರ ಸ್ವಾಮಿಯ ಮೇಲೆ ಸೂರ್ಯನ ಕಿರಣ ಬೀಳುವುದನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹುದಿನದ ಆಸೆ. ಈ ವರ್ಷ ವ್ಹೀಲ್‌ಚೇರ್‌ನಲ್ಲಿ ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಅದರದೇ ಓಡಾಟವಾಗಿ, ತಂದೆಯವರಿಗೆ ಕೊಡಬೇಕಾದ ಸಂಕ್ರಮಣ ತರ್ಪಣವೂ ತಪ್ಪಿಹೋಯಿತು. ಜನಸಾಗರದಲ್ಲಿ ಮೂರು ಗಂಟೆ ನಿಂತರೂ ಒಳಗೆ ಹೋಗಲು ಆಗಲಿಲ್ಲ. ಹೊರಗಿನ ಪರದೆಯಲ್ಲಿ ನೋಡೋಣವೆಂದರೆ ಮುಂದಿದ್ದವರ ತಲೆ ಅಡ್ಡ ಬಂದು ಅಮ್ಮನಿಗೆ ಏನೂ ಕಾಣಲಿಲ್ಲ. ಅಂದಿನಿಂದ "ಶಿವ ನನ್ನ ಕಡೆ ನೋಡಲಿಲ್ಲ, ಮುಂದಿನ ಸಂಕ್ರಾಂತಿಗೆ ನಾನಿರ್ತೀನೋ ಇಲ್ವೋ" ಎಂದು ಕೊರಗುತ್ತಿದ್ದಾರೆ. ಊಟವೂ ಕಡಿಮೆಯಾಗಿದೆ. ಬಂಧುಗಳೊಬ್ಬರು, ಬಾಗಿಲ ತನಕ ಹೋಗಿ ಕಿರಣ ಕಾಣದೆ ಹಿಂತಿರುಗಿದರೆ ಮನೆಗೆ ಒಳ್ಳೆಯದಲ್ಲ, ಶಾಂತಿ ಮಾಡಿಸಿ ಎನ್ನುತ್ತಿದ್ದಾರೆ. (1) ಕಿರಣವನ್ನು ನೇರವಾಗಿ ನೋಡಿದವರಿಗೆ ಮಾತ್ರ ಫಲವೇ? (2) ನೋಡದಿದ್ದರೆ ದೋಷವೇ, ಪರಿಹಾರವೇನು? (3) ಪರಿಚಯದವರೊಬ್ಬರು ಮುಂದಿನ ವರ್ಷ ಹೇಗಾದರೂ ಮಾಡಿ ಸಾಲು ತಪ್ಪಿಸಿ ಒಳಗೆ ಸೇರಿಸುತ್ತೇನೆ ಎಂದಿದ್ದಾರೆ. ವೃದ್ಧ ತಾಯಿಗಾಗಿ ಹಾಗೆ ಹೋದರೆ ತಪ್ಪೇ?

– ಓರ್ವ ಓದುಗರು, ಬೆಂಗಳೂರು

ಉತ್ತರ: ತಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರಿದ್ದರೂ ಒಳಗಿರುವ ನೋವು ಒಂದೇ. ಅಮ್ಮನವರ ಆ ಒಂದು ಮಾತು, ಶಿವ ನನ್ನ ಕಡೆ ನೋಡಲಿಲ್ಲ ಅನ್ನೋದು. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ. ಆದರೆ ಅಲ್ಲಿಗೆ ಹೋಗುವ ಮೊದಲು ಆ ಕ್ಷೇತ್ರದಲ್ಲಿ ಏನು ನಡೆಯುತ್ತದೆ, ಶಾಸ್ತ್ರ ಆ ದಿನ ಏನು ಕೇಳುತ್ತದೆ ಎಂಬ ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ. ಇವೆರಡನ್ನು ಕಲಸಿಕೊಂಡಿರುವುದರಿಂದಲೇ ನಿಮ್ಮ ಬಂಧುಗಳು ಹೆದರಿಸುವಂತಾಗಿದೆ.

ಗವಿಪುರ ಎಂಬ ಹೆಸರೇ ಗವಿಯಿಂದ ಬಂದದ್ದು. ಬಂಡೆಯೊಳಗಿನ ಗುಹೆಯಲ್ಲಿ ಸ್ವಾಮಿ ನೆಲೆಸಿದ್ದಾನೆ. ಗೌತಮ ಮಹರ್ಷಿಗಳು ತಪಸ್ಸು ಮಾಡಿದ ಸ್ಥಳವೆಂದು ಹಿರಿಯರು ಹೇಳುತ್ತಾರೆ. 16ನೇ ಶತಮಾನದಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಈ ದೇವಸ್ಥಾನವನ್ನು ಜೀರ್ಣೋದ್ಧಾರ ಮಾಡಿಸಿದರು. ಅಂಗಳದಲ್ಲಿ ಕಂಬದ ಮೇಲೆ ನಿಂತ ಎರಡು ದೊಡ್ಡ ಕಲ್ಲಿನ ಚಕ್ರಗಳನ್ನು ನೋಡಿರುತ್ತೀರಿ, ಸೂರ್ಯಪಾನ ಮತ್ತು ಚಂದ್ರಪಾನ. ಕಲ್ಲಿನ ತ್ರಿಶೂಲ, ಡಮರುಗಳೂ ಅಲ್ಲೇ ಇವೆ. ಒಳಗೆ ಸ್ವಾಮಿಗೆ ಪ್ರದಕ್ಷಿಣೆ ಬರಬೇಕಾದರೆ ಎಷ್ಟು ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿಯೇ ಹೋಗಬೇಕು, ಬಂಡೆ ಅಷ್ಟು ತಗ್ಗು. ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಮೂರ್ತಿ ಇರುವ ಅಪರೂಪದ ಕ್ಷೇತ್ರವೂ ಇದೇ. ಕಣ್ಣಿನ ತೊಂದರೆ ಇರುವವರು ಆ ಮೂರ್ತಿಗೆ ನಡೆದುಕೊಳ್ಳುವ ರೂಢಿಯಿದೆ.

ಸಂಕ್ರಾಂತಿಯ ಸಂಜೆ ಪಶ್ಚಿಮಕ್ಕೆ ಇಳಿಯುವ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು, ಗುಹೆಯೊಳಗೆ ಬಂದು, ಕೆಲವೇ ನಿಮಿಷ ಲಿಂಗವನ್ನು ಮುಟ್ಟುತ್ತದೆ. ಇದನ್ನು ನಾವು ಏನಂತ ಕರೆಯುತ್ತೇವೆ? ಸೂರ್ಯನು ಶಿವನಿಗೆ ಮಾಡುವ ಪೂಜೆ ಅಂತ ತಾನೇ. ಹಾಗಾದರೆ ಪೂಜೆ ಮಾಡುವವನು ಸೂರ್ಯ, ಮಾಡಿಸಿಕೊಳ್ಳುವವನು ಶಿವ. ನಾವು ನೀವೆಲ್ಲ ಪಕ್ಕದಲ್ಲಿ ನಿಂತು ನೋಡುವವರು. ಬೇರೆಯವರ ಮನೆಯ ಪೂಜೆಗೆ ಹೋದಾಗ ಮಂಗಳಾರತಿ ಹೊತ್ತಿಗೆ ಕಂಬ ಅಡ್ಡ ಬಂದರೆ ಪೂಜೆ ಕೆಟ್ಟಿತು ಅಂತ ಯಾರೂ ಹೇಳುವುದಿಲ್ಲ. ಕೆಲವು ವರ್ಷ ಆ ಸಂಜೆ ಮೋಡ ಕವಿದು ಕಿರಣವೇ ಕಾಣಿಸಿಲ್ಲ. ಆಗಲೂ ಇದು ನಾಡಿಗೆ ಅಪಶಕುನ ಅಂತ ಗುಲ್ಲೆಬ್ಬಿಸಿದವರುಂಟು. ಮೋಡ ಇರುವುದು ನಮ್ಮ ತಲೆಯ ಮೇಲೆ, ಸೂರ್ಯನ ದಾರಿಯಲ್ಲಲ್ಲ. ಅವನು ಮಕರಕ್ಕೆ ಹೋಗಬೇಕಾದ ಗಳಿಗೆಗೆ ಹೋಗಿಯೇ ಹೋಗುತ್ತಾನೆ.

ಇನ್ನು ಪಂಚಾಂಗ ನೋಡುವವನಾಗಿ ಒಂದು ಮಾತು ಹೇಳಬೇಕು. ಇದನ್ನು ಹೇಳಿದರೆ ಕ್ಷೇತ್ರದ ಮಹಿಮೆ ಕಡಿಮೆಯಾಗುತ್ತೆ ಅಂತ ಕೆಲವರು ಅಂಜುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಸೂರ್ಯ ದಕ್ಷಿಣದ ಕೊನೆ ಮುಟ್ಟಿ ತಿರುಗುವುದು ಡಿಸೆಂಬರ್ 21–22ಕ್ಕೆ. ನಮ್ಮ ನಿರಯಣ ಲೆಕ್ಕದಲ್ಲಿ ಮಕರ ಪ್ರವೇಶ ಈಗ ಜನವರಿ 14 ಅಥವಾ 15ಕ್ಕೆ. ಸುಮಾರು 1700 ವರ್ಷದ ಹಿಂದೆ ಇವೆರಡೂ ಒಂದೇ ಕಡೆ ಇದ್ದವು. ಅಯನಾಂಶ ಬೆಳೆದಂತೆಲ್ಲ ಸಂಕ್ರಾಂತಿ ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಅಂದು 1863ರ ಜನವರಿ 12. ಈಗ ಅದೇ ಹಬ್ಬ ಎರಡು ಮೂರು ದಿನ ಮುಂದೆ ಬಂದಿದೆ. ಕಲ್ಲು ಮಾತ್ರ ಇದ್ದಲ್ಲೇ ಇದೆ. ಅಂದಮೇಲೆ ಕೆಂಪೇಗೌಡರ ಕಾಲದ ಸಂಕ್ರಾಂತಿ ಸಂಜೆಯ ಬೆಳಕೂ ಇಂದಿನ ಬೆಳಕೂ ಒಂದೇ ಗೆರೆಯಲ್ಲಿ ಬಿದ್ದಿರಲಾರದು.

ಇನ್ನೊಂದು ವಿಷಯ. ದಕ್ಷಿಣಕ್ಕೆ ಹೋಗುವಾಗ ಸೂರ್ಯ ಯಾವ ಜಾಗ ದಾಟುತ್ತಾನೋ ಉತ್ತರಕ್ಕೆ ಬರುವಾಗಲೂ ಅದನ್ನೇ ದಾಟಬೇಕು. ಜನವರಿ 14 ಎಂದರೆ ತಿರುವಿನ ನಂತರ 24 ದಿನ. ತಿರುವಿಗೆ 24 ದಿನ ಹಿಂದೆ ಎಣಿಸಿದರೆ ನವೆಂಬರ್ 27. ವಿದ್ವಾಂಸರು ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕಿರಣ ಒಳಗೆ ಬರುವುದು ಜನವರಿ 13ರಿಂದ 16ರವರೆಗೆ ಮಾತ್ರವಲ್ಲ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೂ ಬರುತ್ತದೆ. 1792ರ ಸುಮಾರಿಗೆ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಈ ದೇವಾಲಯದ ಚಿತ್ರ ಬರೆದಿದ್ದರು. ಅದರಲ್ಲಿ ಈಗಿರುವಷ್ಟು ಗೋಡೆ, ಕಟ್ಟಡ ಇಲ್ಲ. ಆಗ ಬೆಳಕಿಗೆ ಇನ್ನೂ ಹೆಚ್ಚು ದಿನ ದಾರಿ ಇದ್ದಿರಬೇಕು.

ಇದರಿಂದ ಏನು ತಿಳಿಯಿತು? ಸೂರ್ಯ ತನ್ನ ಪೂಜೆಗೆ ಒಂದೇ ಸಂಜೆ, ಒಂದೇ ಐದು ನಿಮಿಷ ಅಂತ ಗಡುವು ಇಟ್ಟುಕೊಂಡಿಲ್ಲ. ಹಬ್ಬದ ದಿನ ಆ ಬೆಳಕು ಬರುವುದು ನಮಗೆ ಸಂಭ್ರಮ, ಸಂಭ್ರಮ ಪಡಲೇಬೇಕು. ಆದರೆ ಆ ಐದು ನಿಮಿಷ ಕಳೆದುಕೊಂಡವರ ಜನ್ಮವೇ ವ್ಯರ್ಥ ಎಂಬ ಮಾತಿಗೆ ಆಧಾರ ಆಕಾಶದಲ್ಲೂ ಇಲ್ಲ, ಶಾಸ್ತ್ರದಲ್ಲೂ ಇಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಂಗಡಿಸಿದ್ದಾರೆ. ಪಾಠಶಾಲೆಯಲ್ಲಿ ಚಿಕ್ಕ ಹುಡುಗರಿಗೂ ಇದು ಗೊತ್ತಿರುತ್ತೆ. ಸಂಧ್ಯಾವಂದನೆಯಂಥದ್ದು ನಿತ್ಯ. ಗ್ರಹಣ, ಸಂಕ್ರಮಣ ಮುಂತಾದ ನಿಮಿತ್ತ ಬಂದಾಗ ಮಾಡುವುದು ನೈಮಿತ್ತಿಕ. ಒಂದು ಫಲ ಬಯಸಿ ನಾವಾಗಿ ಮಾಡಿಕೊಳ್ಳುವುದು ಕಾಮ್ಯ. ಮೊದಲಿನ ಎರಡನ್ನು ಬಿಟ್ಟರೆ ಪ್ರತ್ಯವಾಯ, ಅಂದರೆ ಲೋಪದೋಷ. ಕಾಮ್ಯವನ್ನು ಮಾಡದಿದ್ದರೆ ಆ ಫಲ ಬರದೇ ಇರಬಹುದು, ದೋಷ ಬರುವುದಿಲ್ಲ. ಪರ್ವದಿನ ಇಂಥ ಕ್ಷೇತ್ರಕ್ಕೇ ಹೋಗಿ ಇಂಥ ಕಿರಣವನ್ನೇ ನೋಡಬೇಕು ಅನ್ನೋದು ಕಾಮ್ಯದ ಗುಂಪಿನದು. ಅದು ಸಿಗಲಿಲ್ಲ ಅಂತ ಯಾವ ದೋಷವೂ ನಿಮ್ಮ ಮನೆಗೆ ಬರುವುದಿಲ್ಲ. ಶಾಂತಿ ಬೇಕಾಗಿಲ್ಲ. ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿ.

ಮಕರ ಸಂಕ್ರಮಣಕ್ಕೆ ಪುಣ್ಯಕಾಲ ಎಷ್ಟು ಗೊತ್ತೇ? ಸಂಕ್ರಮಣದ ನಂತರ 40 ಘಳಿಗೆ ಎಂದು ಧರ್ಮಶಾಸ್ತ್ರದಲ್ಲಿದೆ. ಘಳಿಗೆಗೆ 24 ನಿಮಿಷದಂತೆ 16 ಗಂಟೆ ಆಯಿತು. ನಾವು ಐದು ನಿಮಿಷಕ್ಕೆ ನೂಕಾಡುತ್ತೇವೆ, ಶಾಸ್ತ್ರ 16 ಗಂಟೆಯ ಬಾಗಿಲು ತೆರೆದಿಟ್ಟಿದೆ. ಅಷ್ಟು ಹೊತ್ತಿನಲ್ಲಿ ಅದು ಕೇಳುವುದು ಸ್ನಾನ, ದಾನ, ಎಳ್ಳಿನ ವಿನಿಯೋಗ, ಪಿತೃತರ್ಪಣ. ಇದರಲ್ಲಿ ಯಾವುದಕ್ಕೂ ಸಾಲು ಇಲ್ಲ.

ಇಲ್ಲಿ ನಿಮಗೊಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ತಂದೆಯವರ ತರ್ಪಣ ತಪ್ಪಿತು ಅಂತ. ವರ್ಷದ 96 ತರ್ಪಣಗಳಲ್ಲಿ ಹನ್ನೆರಡು ಸಂಕ್ರಮಣಗಳೂ ಸೇರಿವೆ. ಅಂದು ತಪ್ಪಿದ್ದು ಏನಾದರೂ ಇದ್ದರೆ ಅದು ಆ ಎಳ್ಳುನೀರು. ಬಂಧುಗಳು ಅದರ ಬಗ್ಗೆ ಏನೂ ಹೇಳಿಲ್ಲ, ಎಲ್ಲರ ಕಣ್ಣೂ ಕಿರಣದ ಮೇಲೆ! ಹತ್ತು ನಿಮಿಷದ ಕೆಲಸ, ಒಂದು ಚಮಚ ಎಳ್ಳು, ಒಂದು ದರ್ಭೆ, ಅಪ್ಪನ ಹೆಸರು. ಇದಕ್ಕೂ ಹೆದರಬೇಕಾದ್ದಿಲ್ಲ. ತಾಯಿಯ ಸೇವೆಯ ಓಡಾಟದಲ್ಲಿ ತಪ್ಪಿದ್ದನ್ನು ತಂದೆ ಲೆಕ್ಕ ಇಡುವುದಿಲ್ಲ. ಬರುವ ಅಮಾವಾಸ್ಯೆಗೆ ಮರೆಯದೆ ಕೊಡಿ, ಲೋಪಕ್ಕೆ ಏನು ಜಪ ಅನ್ನೋದನ್ನು ನಿಮ್ಮ ಮನೆಯ ಪುರೋಹಿತರನ್ನು ಕೇಳಿ ಮಾಡಿ. ಅಮ್ಮನವರು ಎದುರಿಗೆ ಕೂತು ನೋಡಲಿ, ಅವರ ಮನಸ್ಸಿಗೂ ಸಮಾಧಾನ.

ಮೂರನೆಯ ಪ್ರಶ್ನೆಯೇ ನಿಜವಾಗಿ ತೂಕದ್ದು. ನಿಮ್ಮ ಪರಿಚಯದವರಿಂದ ಅದು ಆಗುತ್ತೋ ಇಲ್ಲವೋ ನಾನರಿಯೆ, ಆಗುತ್ತೆ ಅಂತಲೇ ಇಟ್ಟುಕೊಳ್ಳೋಣ. ನಿಮ್ಮ ಪರವಾದ ವಾದ ಬಲವಾಗಿಯೇ ಇದೆ. ತಾಯಿಯೇ ಮೊದಲ ದೇವರು ಎಂದು ಉಪನಿಷತ್ತು ಕಲಿಸುತ್ತದೆ. 84ರ ವಯಸ್ಸಿನ ಜೀವ, ಮುಂದಿನ ವರ್ಷದ ಭರವಸೆ ಯಾರೂ ಕೊಡಲಾರರು. ಮಗನಾದವನು ಸಾಲು ನೋಡುತ್ತಾ ನಿಂತರೆ ಅದು ಧರ್ಮವೇ ಎಂದು ನೀವು ಕೇಳಬಹುದು. ನಿಮ್ಮ ಸ್ವಾರ್ಥಕ್ಕೆ ಕೇಳುತ್ತಿಲ್ಲ ಅನ್ನೋದೂ ನಿಜ. ಸಾಮಾನ್ಯವಾಗಿ ಸಾಲು ಮುರಿಯುವವರೆಲ್ಲ ಯಾರಾದರೂ ಒಬ್ಬರಿಗಾಗಿಯೇ ಮುರಿಯುತ್ತಾರೆ, ಅದನ್ನೂ ನೆನಪಿಡಿ.

ನಮ್ಮಲ್ಲಿ ಪಂಕ್ತಿಭೇದ ಎಂಬ ಮಾತಿದೆ. ಇತ್ತೀಚೆಗೆ ಅದಕ್ಕೆ ಬೇರೆ ಬೇರೆ ಅರ್ಥ, ಬೇರೆ ಬೇರೆ ಜಗಳ ಸೇರಿಕೊಂಡಿವೆ. ನಾನು ಹೇಳುತ್ತಿರುವುದು ಒಂದೇ ಸಾಲಿನಲ್ಲಿ ಕೂತವರಲ್ಲಿ ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಡಿಮೆ ಬಡಿಸುವ ದೋಷವನ್ನು. ಪಾಠಶಾಲೆಯಲ್ಲಿ ತುಪ್ಪದ ಗಿಂಡಿ ಹಿಡಿದ ಹುಡುಗ ತನ್ನ ಗೆಳೆಯನ ಎಲೆಯ ಹತ್ತಿರ ಸ್ವಲ್ಪ ತಡೆದರೆ ಸಾಕು, ಗುರುಗಳ ಕಣ್ಣು ಕೆಂಪಾಗುತ್ತಿತ್ತು. ತುಪ್ಪ ಒಂದು ಚಮಚ, ಆದರೆ ಸಾಲಿನ ಕೊನೆಯಲ್ಲಿ ಕೂತವನಿಗೆ ಅಷ್ಟು ಕಡಿಮೆಯಾಯಿತಲ್ಲ. ದೇವಸ್ಥಾನದ ಸಾಲೂ ಒಂದು ಪಂಕ್ತಿಯೇ. ಅಲ್ಲಿ ಬಡಿಸುವುದು ದರ್ಶನ.

ಅದೇ ಶಾಸ್ತ್ರ ಇನ್ನೊಂದನ್ನೂ ಹೇಳುತ್ತದೆ. ಗೃಹಸ್ಥನಾದವನು ಅತಿಥಿಗಳಿಗಿಂತ ಮೊದಲು ಯಾರಿಗೆ ಊಟ ಹಾಕಬಹುದು? ಮಕ್ಕಳಿಗೆ, ಗರ್ಭಿಣಿಗೆ, ರೋಗಿಗೆ, ವೃದ್ಧರಿಗೆ. ಇದು ಪಂಕ್ತಿಭೇದ ಆಗುವುದಿಲ್ಲ, ಇದೇ ಧರ್ಮ. ಹಸಿವು ತಾಳಲಾರದವರಿಗೆ ಮೊದಲು ಎಂಬುದನ್ನು ಸಾಲಿನಲ್ಲಿ ಕೂತವರೆಲ್ಲ ಒಪ್ಪುತ್ತಾರೆ. ಹಾಗಾಗಿ ವೃದ್ಧರಿಗೆ, ನಡೆಯಲಾರದವರಿಗೆ ದೇವಸ್ಥಾನದವರೇ ಬಹಿರಂಗವಾಗಿ ಬೇರೆ ದಾರಿ ಮಾಡಿಕೊಟ್ಟರೆ ಸಂಕೋಚವಿಲ್ಲದೆ ಹೋಗಿ. ಇಲ್ಲದಿದ್ದರೆ ಆಡಳಿತದವರಿಗೆ ಬರೆದು ಕೇಳಿ, ನಿಮ್ಮ ತಾಯಿಗೆ ಮಾತ್ರವಲ್ಲ, ವ್ಹೀಲ್‌ಚೇರ್‌ನಲ್ಲಿ ಬರುವ ಎಲ್ಲರಿಗೂ ಅಂತ ಕೇಳಿ. ಸಾಲಿನಲ್ಲಿ ಮುಂದಿರುವವರನ್ನು ಕೈಮುಗಿದು ಕೇಳಿದರೂ ಆಯಿತು. ಅಜ್ಜಿಯನ್ನು ಬಿಡಿ ಎಂದು ಅವರೇ ದಾರಿ ಕೊಟ್ಟರೆ ಆ ದರ್ಶನದ ಪುಣ್ಯದಲ್ಲಿ ಅವರಿಗೂ ಪಾಲು.

ಆದರೆ ಪರಿಚಯದಿಂದ ಹೋಗುವುದು ಬೇರೆ. ಅಲ್ಲಿ ನಿಮ್ಮ ತಾಯಿಗೆ ದಾರಿ ಸಿಗುವುದು ಅವರ ವಯಸ್ಸಿಗಲ್ಲ, ನಿಮ್ಮ ಫೋನಿನಲ್ಲಿರುವ ಒಂದು ನಂಬರಿಗೆ. ಪಕ್ಕದಲ್ಲೇ ಇನ್ನೊಬ್ಬ 84ರ ಅಜ್ಜಿ ನಿಂತಿರುತ್ತಾರೆ. ಹೂವು ಕಟ್ಟಿ ಮಾರಿ ಬಂದವರೋ, ಮಗನಿಲ್ಲದವರೋ, ಅವರಿಗೆ ಯಾವ ನಂಬರೂ ಇಲ್ಲ. ನಿಮ್ಮ ತಾಯಿಯ ವಯಸ್ಸನ್ನು ಮುಂದಿಟ್ಟು ಆ ತಾಯಿಯ ವಯಸ್ಸನ್ನು ಹಿಂದೆ ಹಾಕುವುದನ್ನು ಮಾತೃಸೇವೆ ಎಂದು ನಾನು ಹೇಗೆ ಹೇಳಲಿ? ತಾಯಿ ದೇವರು ಎಂದಾಗ ನನ್ನ ತಾಯಿ ಮಾತ್ರ ಎಂದು ಅದರ ಅರ್ಥವಲ್ಲ. ಅನುಮಾನ ಬಂದರೆ ಅಮ್ಮನವರನ್ನೇ ಕೇಳಿ: "ಅಮ್ಮ, ಆ ಅಜ್ಜಿಯನ್ನು ಹಿಂದೆ ನಿಲ್ಲಿಸಿ ನಿನ್ನನ್ನು ಕರ್ಕೊಂಡು ಹೋಗಲಾ?" ಅಂತ. ನೀವು ಅವರ ಬಗ್ಗೆ ಬರೆದಿರುವುದನ್ನು ಓದಿದರೆ ಅವರು ಹೂಂ ಅನ್ನಲಾರರು.

ದೇವಸ್ಥಾನಗಳಲ್ಲಿ ರಸೀದಿ ಕೊಟ್ಟು ಮಾಡುವ ವಿಶೇಷ ದರ್ಶನದ ಬಗ್ಗೆಯೂ ಕೆಲವು ಓದುಗರು ಕೇಳುತ್ತಿರುತ್ತಾರೆ. ಅದು ಬೇರೆ ಚರ್ಚೆ, ಇನ್ನೊಮ್ಮೆ ನೋಡೋಣ. ಇಲ್ಲಿ ಇಷ್ಟು ಸಾಕು: ಎದುರಿಗೆ ಹೇಳಿ ಹೋಗಲು ಆಗದ ದಾರಿಯಲ್ಲಿ ದೇವರ ಹತ್ತಿರ ಹೋಗಬೇಡಿ. ಗವಿಪುರದಲ್ಲಂತೂ ಇದನ್ನು ಕಣ್ಣಿಂದಲೇ ನೋಡಬಹುದು. ಆ ಕಿರಣ ಬರಬೇಕಾದ್ದು ಕಿರಿದಾದ ದಾರಿಯಲ್ಲಿ. ನಾನು ನೋಡಬೇಕು, ನಾನು ನೋಡಬೇಕು ಅಂತ ಎಲ್ಲರೂ ನುಗ್ಗಿ ಆ ದಾರಿಯಲ್ಲೇ ನಿಂತರೆ ಬೆಳಕು ಬೀಳುವುದು ನಮ್ಮ ಬೆನ್ನಿನ ಮೇಲೆ. ಸ್ವಾಮಿಗೆ ನಮ್ಮ ನೆರಳು ಮಾತ್ರ.

ಈಗ ಅಮ್ಮನವರ ಮಾತಿಗೆ ಬರೋಣ. ಅವರಿಗೆ ಅರ್ಥವಾಗುವ ಹಾಗೆ ನೀವೇ ಪಕ್ಕದಲ್ಲಿ ಕೂತು ಹೇಳಬೇಕು.

ಗಂಗಾಧರೇಶ್ವರ ವರ್ಷದ ಬಹುಪಾಲು ದಿನ ಎಲ್ಲಿರುತ್ತಾನೆ? ಬಂಡೆಯ ಒಳಗೆ, ಕತ್ತಲಲ್ಲಿ, ಎಣ್ಣೆಯ ದೀಪದ ಮುಂದೆ. ಬಿಸಿಲು ಬಿದ್ದ ಐದು ನಿಮಿಷ ಮಾತ್ರ ಅವನು ಶಿವ, ಉಳಿದ ಹೊತ್ತು ಬರೀ ಕಲ್ಲು ಅಂತ ಅವರು ನಂಬಿದ್ದಾರೆಯೇ? ನಂಬಿರಲಿಕ್ಕಿಲ್ಲ. ಕತ್ತಲಲ್ಲಿ ಕೂತು ಲೋಕವನ್ನೇ ನೋಡುವವನಿಗೆ ಅಂಗಳದಲ್ಲಿ ವ್ಹೀಲ್‌ಚೇರ್‌ನಲ್ಲಿ ಕೂತವರು ಕಾಣಲಿಲ್ಲ ಅನ್ನುವುದು ಹೇಗೆ? ದರ್ಶನ ಎಂದರೆ ನಾವು ಅವನನ್ನು ನೋಡುವುದು ಎಂದುಕೊಂಡಿದ್ದೇವೆ. ಗುಡಿಗೆ ಹೋಗುವುದು ಅವನ ಕಣ್ಣಿಗೆ ಬೀಳಲಿಕ್ಕೆ. ನಮ್ಮ ಕಣ್ಣಿಗೆ ಪರದೆ, ತಲೆ, ಪೊರೆ ಎಲ್ಲ ಅಡ್ಡ ಬರುತ್ತದೆ. ಅವನ ಕಣ್ಣಿಗೆ ಅಡ್ಡ ಬರುವಂಥದ್ದು ಯಾವುದಿದೆ?

ಕೆಂಪೇಗೌಡರ ಬಗ್ಗೆ ಒಂದು ಪ್ರತೀತಿ ಉಂಟು. ವಿಜಯನಗರದ ರಾಮರಾಯ ಅವರನ್ನು ಐದು ವರ್ಷ ಸೆರೆಯಲ್ಲಿಟ್ಟಿದ್ದ, ಬಿಡುಗಡೆಯಾದ ಮೇಲೆ ಕೃತಜ್ಞತೆಯಿಂದ ಈ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದರು ಅಂತ. ಸೆರೆಮನೆಯಲ್ಲಿ ಅವರಿಗೆ ಐದು ಸಂಕ್ರಾಂತಿ ಕಳೆದಿರಬೇಕು. ಶಿವ ನನ್ನನ್ನು ನೋಡಲಿಲ್ಲ ಅಂದುಕೊಂಡು ಹೊರಬಂದಿದ್ದರೆ ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದರೇ? ದರ್ಶನವಿಲ್ಲದ ವರ್ಷಗಳಲ್ಲೂ ದೇವರು ಜೊತೆಗಿದ್ದ ಅನ್ನುವ ನಂಬಿಕೆಯ ಮೇಲೆ ನಿಂತ ದೇವಸ್ಥಾನ ಅದು ಎಂದು ಅಮ್ಮನವರಿಗೆ ಹೇಳಿ.

ಹೇಳಿದ್ದಷ್ಟೇ ಸಾಲದು, ಕರೆದುಕೊಂಡೂ ಹೋಗಿ. ನನ್ನ ಸಲಹೆ ಹೀಗಿದೆ. ಮುಂದಿನ ಸಂಕ್ರಾಂತಿಯವರೆಗೆ ಕಾಯಬೇಡಿ. ಮೊದಲು ಒಂದು ಸಾಧಾರಣ ದಿನ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ ಬನ್ನಿ, ಅವರು ಸ್ವಾಮಿಯ ಎದುರು ಹತ್ತು ನಿಮಿಷ ಸುಮ್ಮನೆ ಕೂರಲಿ. ಆಮೇಲೆ ನವೆಂಬರ್ ಕೊನೆಯ ವಾರದಲ್ಲಿ ಒಂದು ಸಂಜೆ ಹೋಗಿ. ಮೊದಲೇ ದೇವಸ್ಥಾನದಲ್ಲಿ ವಿಚಾರಿಸಿಕೊಳ್ಳಿ. ಸಂಕ್ರಾಂತಿಯಂದು ಬೆಂಗಳೂರಿನಲ್ಲಿ ಸೂರ್ಯಾಸ್ತ 6 ಗಂಟೆ 10 ನಿಮಿಷದ ಆಸುಪಾಸು, ನವೆಂಬರ್ ಕೊನೆಯಲ್ಲಿ 5 ಗಂಟೆ 50ರ ಆಸುಪಾಸು. ಆದ್ದರಿಂದ ಕಿರಣವೂ ಸುಮಾರು ಇಪ್ಪತ್ತು ನಿಮಿಷ ಮುಂಚೆ ಬರುತ್ತದೆ, ಸ್ವಲ್ಪ ಬೇಗ ಹೊರಡಿ. ಮೋಡ ಇದ್ದರೆ ಮರುದಿನ ಇದ್ದೇ ಇದೆ. ಹಬ್ಬದ ಸಮಯದಲ್ಲೇ ಬೇಕೆಂದರೆ ಹಬ್ಬದ ಹಿಂದಿನ ಮುಂದಿನ ದಿನಗಳೂ ಇವೆ.

ಪರ್ವಕಾಲದ ದರ್ಶನಕ್ಕೇ ವಿಶೇಷ ಫಲ ಎಂದು ಹಿರಿಯರು ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ, ನವೆಂಬರಿನ ಸಂಜೆ ಸಂಕ್ರಾಂತಿ ಆಗುವುದೂ ಇಲ್ಲ. ಆದರೆ ಪರ್ವಕ್ಕೆ ಬಲ ಬರುವುದು ಶಾಸ್ತ್ರ ಹೇಳಿದ ಕರ್ಮ ಮಾಡುವುದರಿಂದ. ಆ ದಿನ ಬೆಳಿಗ್ಗೆ ಸ್ನಾನ ಮಾಡಿ ತರ್ಪಣ ಕೊಡಿ. ಅಮ್ಮನ ಕೈಯಿಂದ ಎಳ್ಳುಬೆಲ್ಲ ನಾಲ್ಕು ಮನೆಗೆ ಹಂಚಿಸಿ, ಇಲ್ಲದವರಿಗೆ ಒಂದು ಹೊದಿಕೆ ದಾನ ಮಾಡಿಸಿ. ಸಂಜೆ ಮನೆಯ ಪಶ್ಚಿಮದ ಕಿಟಕಿಯಲ್ಲೋ ಮಹಡಿಯ ಮೇಲೋ ಅವರನ್ನು ಕೂರಿಸಿ, ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಟ್ಟು ಗವಿಪುರದ ಕಡೆ ತಿರುಗಿ ಕೈಮುಗಿಯಲಿ. ಲಿಂಗದ ಮೇಲೆ ಬೀಳುವ ಬಿಸಿಲೇ ಆ ಹೊತ್ತಿಗೆ ಅವರ ಕೈಯ ಮೇಲೂ ಬಿದ್ದಿರುತ್ತದೆ.

ಸಾಲಿನಲ್ಲಿ ಆ ಮೂರು ಗಂಟೆ ಅಮ್ಮ ಏನು ಮಾಡುತ್ತಿದ್ದರು ಅನ್ನೋದನ್ನು ನೀವು ಬರೆದಿಲ್ಲ. ಶಿವ ಶಿವ ಅನ್ನುತ್ತಲೇ ಕೂತಿದ್ದರು ಅಂತ ನನ್ನ ಊಹೆ. ಒಳಗೆ ಹೋದವರಲ್ಲಿ ಎಷ್ಟು ಮಂದಿ ಮೊಬೈಲು ಎತ್ತಿ ಹಿಡಿಯದೆ ಮೂರು ಗಂಟೆ ಶಿವನನ್ನೇ ನೆನೆದಿದ್ದರು? ಅವರ ಊಟ ಮೊದಲಿನಂತೆ ಆಗಲಿ, ಇದೇ ಈಗ ನೀವು ಮಾಡಿಸಬೇಕಾದ ಶಾಂತಿ.

ಶುಭಮಸ್ತು.